ಕಜಕ್ ಭಾಷೆ ಕಲಿಯುತ್ತಿದ್ದೇನೆ: 'ಚಹಾ ಕುಡಿದು ಹೋಗು' ಅನ್ನೋದನ್ನ ಅಲ್ಲೂ ಹಾಗೇ ಹೇಳ್ತಾರೆ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ಯಜಮಾನರ ಕೆಲಸದ ಸಲುವಾಗಿ ಎರಡು ವರ್ಷದಿಂದ ಕಜಕಿಸ್ತಾನದ ಅಲ್ಮಾಟಿಯಲ್ಲಿದ್ದೇವೆ. ಇಲ್ಲಿಯ ಭಾಷೆಯ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಕನ್ನಡದಲ್ಲಿ ಈ ವಿಷಯ ಎಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಮೊದಲ ಚಳಿಗಾಲದ ಒಂದು ಸಂಜೆ. ಮೇಲಿನ ಮಹಡಿಯ ಅಜ್ಜಿ ಒಂದು ಬಟ್ಟಲಲ್ಲಿ ಕರಿದ ತಿಂಡಿ ಕಳಿಸಿದ್ದರು. ಬಟ್ಟಲು ಖಾಲಿ ಕೊಡಬಾರದು ಅಲ್ವಾ, ಅದರಲ್ಲಿ ನಾಲ್ಕು ಚಕ್ಕುಲಿ ಇಟ್ಟು ವಾಪಸ್ ಕೊಡೋಕೆ ಹೋದೆ. ಅಲ್ಲಿ ಅವರನ್ನ ಎಲ್ಲರೂ 'ಅಪಾ' ಅಂತಾರೆ. ಬಾಗಿಲಲ್ಲೇ ನನ್ನ ತೋಳು ಹಿಡಿದುಕೊಂಡು 'ಶಾಯ್ ಇಶಿಪ್ ಕೆತ್' ಅಂದರು. ಅವರ ಮೊಮ್ಮಗಳು ಒಂದೊಂದೇ ಪದದ ಅರ್ಥ ಹೇಳಿದಳು. ಶಾಯ್ ಅಂದ್ರೆ ಚಹಾ. ಇಶಿಪ್ ಅಂದ್ರೆ ಕುಡಿದು. ಕೆತ್ ಅಂದ್ರೆ ಹೋಗು.

ಚಹಾ ಕುಡಿದು ಹೋಗು! ಪದದ ಜಾಗವೂ ಬದಲಾಗಿಲ್ಲ. ತೀರ್ಥಹಳ್ಳಿಯ ನಮ್ಮ ಅತ್ತೆ ಬಾಗಿಲಲ್ಲಿ ನಿಂತು ಹೇಳೋದೂ ಇದನ್ನೇ. ನನಗೆ ಅಲ್ಲೇ ಕಣ್ಣು ತುಂಬಿ ಬಂತು.

ಆವತ್ತಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಅದರಿಂದ ಕೆಲವು ಇಲ್ಲಿ ಹಾಕುತ್ತೇನೆ:

ಬರಿಪ್ ಕೆಲ್: ಹೋಗಿ ಬಾ
ಜೆಪ್ ಕೊರ್: ತಿಂದು ನೋಡು
ಜಜ಼ಿಪ್ ಅಲ್: ಬರೆದುಕೋ ('ಅಲ್' ಅಂದ್ರೆ ತೆಗೆದುಕೊಳ್ಳು)
ಐತಿಪ್ ಬೆರ್: ಹೇಳಿ ಕೊಡು
ಉಮಿತಿಪ್ ಕೆತ್ತಿಮ್: ಮರೆತು ಹೋದೆ, ಅಂದ್ರೆ ನನಗೆ ಮರೆತುಹೋಯ್ತು
ಅಲಿಪ್ ಕೆಲ್: ತೆಗೆದುಕೊಂಡು ಬಾ

ಚುಕ್ಕೆ ಇಲ್ಲದ ಜ ಅನ್ನು ಇಲ್ಲಿ ಸ್ವಲ್ಪ ಶ ಬೆರೆಸಿದ ಹಾಗೆ ಹೇಳಬೇಕು. 'ಕೊರ್' ಅನ್ನೋ ಪದದ ಸ್ವರ ನಮ್ಮಲ್ಲಿ ಇಲ್ಲ. ತುಟಿ ಒ ಗೆ ದುಂಡಗೆ ಮಾಡಿ, ಬಾಯೊಳಗೆ ಎ ಹೇಳಬೇಕು.

'ಜೆಪ್ ಕೊರ್' ನೋಡಿ. 'ಕೊರ್' ಅಂದ್ರೆ ಕಣ್ಣಿಂದ ನೋಡು. ತಿಂಡಿ ರುಚಿ ಹೇಗಿದೆ ಅಂತ ತಿಳಿಯೋದಕ್ಕೂ ಅವರು ನಮ್ಮ ಹಾಗೇ 'ನೋಡು' ಅಂತಾರೆ. ಕೊನೆಯದು ಇನ್ನೂ ಚೆನ್ನಾಗಿದೆ. 'ಅಲಿಪ್ ಕೆಲ್' ಅಂತ ಯಾವಾಗಲೂ ಪೂರ್ತಿ ಹೇಳೋದಿಲ್ಲ. ಬಾಯಲ್ಲಿ ಸವೆದು 'ಅಕೆಲ್' ಆಗಿದೆ. ನಾವು 'ತಗೊಂಬಾ' ಅಂತೀವಲ್ಲ, ಹಾಗೆ.

ಇನ್ನು ಭಾಷೆಯ ಬಗ್ಗೆ ನಾಲ್ಕು ಮಾತು. ಕಜಕ್ ತುರ್ಕಿ ಬಳಗದ ಭಾಷೆ. ಆ ಬಳಗದ ಕಿಪ್ಚಾಕ್ ಕವಲಿಗೆ ಸೇರಿದ್ದು. ಕರಕಲ್ಪಕ್, ನೊಗಾಯ್, ಕಿರ್ಗಿಜ಼್ ಇದರ ಹತ್ತಿರದ ನೆಂಟರು. ಮಾತಾಡುವವರು ಒಂದೂವರೆ ಕೋಟಿ ಆಸುಪಾಸು. ಕಜಕಿಸ್ತಾನದ ಹೊರಗೆ ಚೀನಾದ ಶಿನ್‌ಜಿಯಾಂಗ್‌ನಲ್ಲಿ ಸುಮಾರು 15 ಲಕ್ಷ ಕಜಕರಿದ್ದಾರೆ. ಮಂಗೋಲಿಯಾದ ಪಶ್ಚಿಮ ತುದಿಯ ಬಯಾನ್ ಒಲ್ಗಿ ಪ್ರಾಂತ್ಯದಲ್ಲಿ ಅವರೇ ಜಾಸ್ತಿ. ರಷ್ಯಾ ಮತ್ತು ಉಜ್ಬೇಕಿಸ್ತಾನದಲ್ಲೂ ಲಕ್ಷಗಟ್ಟಲೆ ಇದ್ದಾರೆ. ನಿಮ್ಮ ಪ್ರಶ್ನೆ ಏನಿದ್ದರೂ ಕೇಳಿ, ಗೊತ್ತಿರೋದನ್ನ ಹೇಳುತ್ತೇನೆ.

ಬೈಲಹೊಂಗಲದವ

ಅಕ್ಕಾ, ಬಹಳ ಚೆನ್ನಾಗಿ ಬರೆದಿದ್ದೀರಿ. 'ಚಹಾ ಕುಡಿದು ಹೋಗು' ಓದಿ ನಮ್ಮ ಊರೇ ನೆನಪಾಯ್ತು. ಆದರೆ ಒಂದು ಅನುಮಾನ. ಅಲ್ಲಿ ಎಲ್ಲರೂ ರಷ್ಯನ್ ಮಾತಾಡ್ತಾರೆ ಅಂತ ಕೇಳಿದ್ದೆ. ನನ್ನ ಗೆಳೆಯ ಕೆಲಸಕ್ಕೆ ಅಂತ ಹೋಗಿ ಬಂದವನು, 'ಕಜಕ್ ಅಂತ ಒಂದು ಭಾಷೆ ಇದೆ ಅಂತಲೇ ಗೊತ್ತಾಗಲಿಲ್ಲ' ಅಂದ. ಸ್ವಂತ ದೇಶದಲ್ಲೇ ಯಾಕೆ ಹೀಗೆ?

ತುಂಗಾತೀರ

ತಮ್ಮಾ, ನಿಮ್ಮ ಗೆಳೆಯ ಹೇಳಿದ್ದು ಸುಳ್ಳಲ್ಲ. ಅಲ್ಮಾಟಿಯ ನಡುವಿನ ಕಾಫಿ ಅಂಗಡಿಯಲ್ಲಿ ಕೂತರೆ ರಷ್ಯನ್ನೇ ಕಿವಿಗೆ ಬೀಳುತ್ತೆ. ಸಂವಿಧಾನದಲ್ಲಿ ಕಜಕ್ ರಾಜ್ಯಭಾಷೆ. ಆದರೆ ಸರ್ಕಾರಿ ಕಚೇರಿಗಳಲ್ಲಿ ರಷ್ಯನ್ನಿಗೂ ಸರಿಸಮ ಜಾಗ ಇದೆ. ಯಾಕೆ ಹೀಗಾಯ್ತು ಅಂತ ತಿಳಿಯೋಕೆ ಒಂದು ದೊಡ್ಡ ಸಂಕಟದ ಕಥೆ ಕೇಳಬೇಕು.

ಕಜಕರು ಅಲೆಮಾರಿ ದನಗಾಹಿಗಳು. ಬೇಸಿಗೆಗೆ ಒಂದು ಹುಲ್ಲುಗಾವಲು, ಚಳಿಗೆ ಇನ್ನೊಂದು. ಸೋವಿಯತ್ ಸರ್ಕಾರ ಅವರನ್ನ ಒಂದೇ ಕಡೆ ನೆಲೆ ನಿಲ್ಲಿಸೋಕೆ ಹೊರಟಿತು. ಮಂದೆಗಳನ್ನ ಸಾಮೂಹಿಕ ಸಾಕಣೆಗೆ ಅಂತ ಕಿತ್ತುಕೊಂಡಿತು. ಪಟ್ಟಣಗಳಿಗೆ ಮಾಂಸ, ಧಾನ್ಯ ಬೇಕು ಅಂತ ಹೊತ್ತೊಯ್ದಿತು. ಕೆಲವೇ ವರ್ಷದಲ್ಲಿ ಹತ್ತು ಪಾಲು ಜಾನುವಾರಿನಲ್ಲಿ ಒಂಬತ್ತು ಪಾಲು ನಾಶವಾಯ್ತು. ಕುರಿ, ಕುದುರೆ ಬಿಟ್ಟರೆ ಬೇರೆ ಆಹಾರವೇ ಇಲ್ಲದ ಜನ. 1930ರಿಂದ 1933ರ ನಡುವೆ ಸುಮಾರು 15 ಲಕ್ಷ ಮಂದಿ ಹಸಿವಿಂದ ಸತ್ತರು ಅಂತ ಇತಿಹಾಸಕಾರರ ಲೆಕ್ಕ. ಅದರಲ್ಲಿ 13 ಲಕ್ಷದಷ್ಟು ಕಜಕರೇ. ಅಂದ್ರೆ ಪ್ರತಿ ಮೂರು ಕಜಕರಲ್ಲಿ ಒಬ್ಬರಿಗಿಂತ ಹೆಚ್ಚು! ಲಕ್ಷಾಂತರ ಜನ ಗಡಿ ದಾಟಿ ಓಡಿಹೋದರು. ಇದನ್ನ 'ಅಶರ್ಶಿಲಿಕ್' ಅಂತ ಕರೀತಾರೆ. 'ಅಶ್' ಅಂದ್ರೆ ಹಸಿದ ಅಂತ ಅರ್ಥ. ಪ್ರತಿ ವರ್ಷ ಮೇ 31ರಂದು ಸತ್ತವರನ್ನ ನೆನೆಯುತ್ತಾರೆ.

ಆಮೇಲೆ ಸ್ಟಾಲಿನ್ ಕಾಲದಲ್ಲಿ ಕೊರಿಯನ್ನರು, ವೋಲ್ಗಾ ತೀರದ ಜರ್ಮನ್ನರು, ಚೆಚೆನ್ನರನ್ನ ರೈಲಿಗೆ ತುಂಬಿ ಇಲ್ಲಿಗೆ ತಂದು ಬಿಟ್ಟರು. 1954ರಲ್ಲಿ ಬೀಳುಭೂಮಿ ಉಳುವ ಯೋಜನೆ ಶುರುವಾಯ್ತು. ರಷ್ಯಾ, ಉಕ್ರೇನ್‌ನಿಂದ ಲಕ್ಷಾಂತರ ಜನ ಬಂದು ನೆಲೆಸಿದರು. 1959ರ ಜನಗಣತಿ ಹೊತ್ತಿಗೆ ಕಜಕರು ತಮ್ಮ ನೆಲದಲ್ಲೇ ನೂರಕ್ಕೆ 30 ಮಂದಿ ಅಷ್ಟೆ. ಬೇರೆ ಬೇರೆ ಭಾಷೆಯವರು ಒಂದು ಕಡೆ ಸೇರಿದಾಗ ನಡುವಿನ ಮಾತು ರಷ್ಯನ್ನೇ ಆಯ್ತು. ಒಳ್ಳೆ ಕಾಲೇಜು, ಒಳ್ಳೆ ಕೆಲಸ ಎಲ್ಲ ರಷ್ಯನ್ನಲ್ಲೇ. ಅಪಾ ಚಿಕ್ಕವರಿದ್ದಾಗ ಬಸ್ಸಲ್ಲಿ ಅಮ್ಮನ ಜೊತೆ ಕಜಕ್‌ನಲ್ಲಿ ಮಾತಾಡುತ್ತಿದ್ದರಂತೆ. ಪಕ್ಕದವರು 'ಮನುಷ್ಯರ ಭಾಷೆಯಲ್ಲಿ ಮಾತಾಡಿ' ಅಂದರಂತೆ. ಇದನ್ನ ಅವರು ಮೂರು ಸಲ ಹೇಳಿದ್ದಾರೆ ನನಗೆ. ಪ್ರತಿ ಸಲವೂ ಹೇಳಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಈಗ ಲೆಕ್ಕ ತಿರುಗಿದೆ. 2021ರ ಗಣತಿಯಲ್ಲಿ ಕಜಕರು ನೂರಕ್ಕೆ 70 ದಾಟಿದ್ದಾರೆ. 1991ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಚೀನಾ, ಮಂಗೋಲಿಯಾ, ಉಜ್ಬೇಕಿಸ್ತಾನದಿಂದ ಹತ್ತು ಲಕ್ಷಕ್ಕೂ ಹೆಚ್ಚು ಕಜಕರು ಮರಳಿ ಬಂದಿದ್ದಾರೆ. ಅವರನ್ನ 'ಕಂದಸ್' ಅಂತಾರೆ. 'ಕಾನ್' ಅಂದ್ರೆ ರಕ್ತ, ಕಂದಸ್ ಅಂದ್ರೆ ಒಂದೇ ರಕ್ತದವರು.

ಕಡಲಮಾತು

ಓದಿ ಮನಸ್ಸು ಭಾರ ಆಯ್ತು ಅಕ್ಕ.

ನಾನು ಮಂಗಳೂರಿನವನು. ಮನೆ ಮಾತು ಕೊಂಕಣಿ. ನಮ್ಮ ಕಡೆ ಅದನ್ನ ಕನ್ನಡ ಅಕ್ಷರದಲ್ಲಿ ಬರೀತೀವಿ. ಗೋವಾದಲ್ಲಿ ದೇವನಾಗರಿ ಮತ್ತು ರೋಮನ್. ಕೇರಳದಲ್ಲಿ ಮಲಯಾಳಂ ಅಕ್ಷರವೂ ಉಂಟು. ಗೋವಾದ ನಮ್ಮ ನೆಂಟರ ಪತ್ರಿಕೆ ನನ್ನ ಅಪ್ಪನಿಗೆ ಓದೋಕೆ ಬರೋದಿಲ್ಲ. ಜೋರಾಗಿ ಓದಿ ಹೇಳಿದರೆ ಪೂರ್ತಿ ಅರ್ಥ ಆಗುತ್ತೆ. ಕಜಕ್ ಲಿಪಿಯೂ ಬದಲಾಗುತ್ತಾ ಇದೆ ಅಂತ ಎಲ್ಲೋ ಓದಿದ ನೆನಪು. ಅದರ ಬಗ್ಗೆ ಸ್ವಲ್ಪ ಹೇಳ್ತೀರಾ?

ತುಂಗಾತೀರ

ನಿಮ್ಮ ಅಪ್ಪನ ಪಾಡು ಇಲ್ಲಿ ಮನೆಮನೆಯದು. ಅಪಾ ಅವರ ಚಿಕ್ಕಪ್ಪನ ಮಕ್ಕಳು ಚೀನಾದ ಕಡೆ ಇದ್ದಾರೆ. ಅವರು ಬರೆಯೋದು ಅರಬ್ಬಿ ಅಕ್ಷರದಲ್ಲಿ. ಇವರದ್ದು ಸಿರಿಲಿಕ್, ಅಂದ್ರೆ ರಷ್ಯನ್ ಬರೆಯುವ ಲಿಪಿ. ಫೋನಲ್ಲಿ ಗಂಟೆಗಟ್ಟಲೆ ಹರಟುತ್ತಾರೆ. ಒಬ್ಬರ ಮೆಸೇಜ್ ಇನ್ನೊಬ್ಬರಿಗೆ ಓದೋಕೆ ಆಗಲ್ಲ. ಅದಕ್ಕೇ ಎಲ್ಲ ಧ್ವನಿಸಂದೇಶ.

ಲಿಪಿಯ ಕಥೆ ಹೇಳಬೇಕಾದರೆ ಅಹ್ಮೆತ್ ಬೈತುರ್ಸಿನೊವ್ ಅವರಿಂದಲೇ ಶುರು ಮಾಡಬೇಕು. ನನಗೆ ಬಹಳ ಗೌರವ ಇರುವ ಮನುಷ್ಯ. 1872ರಲ್ಲಿ ಹುಟ್ಟಿದವರು. ಹಳ್ಳಿ ಶಾಲೆಗಳಲ್ಲಿ ಮೇಷ್ಟ್ರಾಗಿದ್ದರು. ಆಗ ಕಜಕ್ ಬರೆಯುತ್ತಿದ್ದದ್ದು ಅರಬ್ಬಿ ಲಿಪಿಯಲ್ಲಿ. ಅರಬ್ಬಿಯಲ್ಲಿ ಸ್ವರಕ್ಕೆ ಅಕ್ಷರ ಕಡಿಮೆ. ಕಜಕ್‌ನಲ್ಲಿ ಸ್ವರಗಳೇ ಜೀವಾಳ. ಮಕ್ಕಳು ಓದೋಕೆ ಒದ್ದಾಡುತ್ತಿದ್ದವು.

ಕಜಕ್ ಸ್ವರಗಳಲ್ಲಿ 'ದಪ್ಪ', 'ತೆಳು' ಅಂತ ಎರಡು ಗುಂಪು. ಅವರ ವ್ಯಾಕರಣದಲ್ಲಿ ಹೆಸರೇ ಹಾಗಿದೆ. ಒಂದು ಪದದೊಳಗೆ ಎಲ್ಲ ಸ್ವರವೂ ದಪ್ಪ ಆಗಿರಬೇಕು, ಇಲ್ಲಾ ಎಲ್ಲವೂ ತೆಳು. ಪ್ರತ್ಯಯ ಕೂಡ ಪದಕ್ಕೆ ತಕ್ಕ ಹಾಗೆ ಸ್ವರ ಬದಲಿಸಿಕೊಳ್ಳುತ್ತೆ. 'ಕಲ' ಅಂದ್ರೆ ನಗರ. ನಗರಗಳಲ್ಲಿ ಅನ್ನೋದಕ್ಕೆ 'ಕಲಲರ್ದ'. 'ಉಯ್' ಅಂದ್ರೆ ಮನೆ. ಮನೆಗಳಲ್ಲಿ ಅನ್ನೋದಕ್ಕೆ 'ಉಯ್ಲೆರ್ದೆ'. ಅಲ್ಲಿ ಲರ್, ದ. ಇಲ್ಲಿ ಲೆರ್, ದೆ. ನಮ್ಮ 'ಗಳು', 'ಅಲ್ಲಿ' ಪ್ರತ್ಯಯ ಇದ್ದ ಹಾಗೆ.

ಬೈತುರ್ಸಿನೊವ್ 1912ರ ಹೊತ್ತಿಗೆ ಮಾಡಿದ್ದು ಇಷ್ಟು. ಕಜಕ್‌ನಲ್ಲಿ ಇಲ್ಲದ ಸದ್ದುಗಳ ಅರಬ್ಬಿ ಅಕ್ಷರ ಕೈಬಿಟ್ಟರು. ಸ್ವರಗಳಿಗೆ ಅಕ್ಷರ ಕೊಟ್ಟರು. ಪದ ತೆಳುವಾದರೆ ಅದರ ಮೊದಲಿಗೆ ಒಂದೇ ಒಂದು ಗುರುತು ಹಾಕಿ ಅಂದರು. ಅಷ್ಟೆ! ಒಂದು ಗುರುತಿಂದ ಇಡೀ ಪದದ ಸ್ವರಗಳು ಗೊತ್ತಾಗುತ್ತವೆ. ಭಾಷೆಯ ನಾಡಿ ಹಿಡಿದವರು ಮಾತ್ರ ಇಂಥದ್ದನ್ನ ಯೋಚಿಸೋಕೆ ಸಾಧ್ಯ. ಚೀನಾದ ಕಜಕರ ಲಿಪಿಗೆ ಇವತ್ತಿಗೂ ಅದೇ ಬುನಾದಿ.

ನಾಮಪದ, ಕ್ರಿಯಾಪದ, ಸ್ವರ, ಇಂಥವಕ್ಕೆಲ್ಲ ಕಜಕ್ ಶಾಲೆಯಲ್ಲಿ ಇಂದು ಬಳಸುವ ಹೆಸರುಗಳು ಹೆಚ್ಚಿನವು ಅವರು ಕಟ್ಟಿದ್ದು. 1913ರಿಂದ ಓರೆನ್‌ಬುರ್ಗ್‌ನಲ್ಲಿ 'ಕಜಕ್' ಅನ್ನೋ ಪತ್ರಿಕೆ ನಡೆಸಿದರು. 1937ರ ಡಿಸೆಂಬರ್‌ನಲ್ಲಿ ಅವರನ್ನ ಗುಂಡಿಟ್ಟು ಕೊಂದರು. ಅವರ ಹೆಸರು ಹೇಳೋದೇ ಅಪರಾಧವಾಯ್ತು. 1988ರಲ್ಲಿ ಆರೋಪ ರದ್ದಾಯ್ತು. ಅದುವರೆಗಿನ 50 ವರ್ಷ ಮಕ್ಕಳು ಅವರ ಪದಗಳನ್ನೇ ಕಲಿತವು. ಪದ ಯಾರದ್ದು ಅಂತ ಮಾತ್ರ ಯಾರೂ ಹೇಳಿಕೊಡಲಿಲ್ಲ.

ಅಷ್ಟರಲ್ಲಿ ಲಿಪಿ ಎರಡು ಸಲ ಬದಲಾಗಿತ್ತು. 1929ರಲ್ಲಿ ಲ್ಯಾಟಿನ್. 1940ರಲ್ಲಿ ಸಿರಿಲಿಕ್. ಈಗಿನ ಸಿರಿಲಿಕ್‌ನಲ್ಲಿ 42 ಅಕ್ಷರ. 33 ರಷ್ಯನ್ನಿನವು, 9 ಕಜಕ್‌ಗೇ ಸೇರಿದವು. 2017ರಲ್ಲಿ ಆಗಿನ ಅಧ್ಯಕ್ಷ ನಜರ್‌ಬಯೇವ್ ಮತ್ತೆ ಲ್ಯಾಟಿನ್‌ಗೆ ಹೋಗೋಣ ಅಂದರು. ಆ ವರ್ಷ ಒಪ್ಪಿಗೆ ಪಡೆದ ಮಾದರಿಯಲ್ಲಿ ಅಕ್ಷರಕ್ಕೆ ಅಪಾಸ್ಟ್ರಫಿ ಅಂಟಿಸಿದ್ದರು. ಜನ ಒಪ್ಪಲಿಲ್ಲ. 2018ರಲ್ಲಿ ಇನ್ನೊಂದು ಬಂತು. 2021ರಲ್ಲಿ 31 ಅಕ್ಷರದ ಮತ್ತೊಂದು. ಅಂಗಡಿ ಬೋರ್ಡಲ್ಲಿ, ಹುಡುಗರ ಮೆಸೇಜಲ್ಲಿ ಲ್ಯಾಟಿನ್ ಕಾಣುತ್ತೆ. ಶಾಲೆ, ಪುಸ್ತಕ, ಪತ್ರಿಕೆ ಎಲ್ಲ ಸಿರಿಲಿಕ್‌ನಲ್ಲೇ ಇವೆ.

ನನ್ನ ಅಭಿಪ್ರಾಯ ಕೇಳಿದರೆ, ಅವಸರ ಬೇಡ. ಅಪಾ ಅವರ ಅಮ್ಮ ಒಂದೇ ಬದುಕಲ್ಲಿ ಮೂರು ಲಿಪಿ ಕಲಿತವರು. ಪ್ರತಿ ಸಲ ಬದಲಾದಾಗಲೂ ಮನೆಯ ಹಿರಿಯರು ರಾತ್ರಿ ಬೆಳಗಾಗೋದರೊಳಗೆ ಓದು ಬಾರದವರಾಗುತ್ತಾರೆ.

ಕಡಲಮಾತು

ಅಕ್ಕ, ಇಲ್ಲಿ ನನ್ನದು ಬೇರೆ ಅಭಿಪ್ರಾಯ. ಸಿರಿಲಿಕ್‌ನ ಅವರು ಕೇಳಿ ತೆಗೆದುಕೊಂಡಿದ್ದಲ್ಲ, ಮೇಲಿಂದ ಬಂದದ್ದು. ಅದನ್ನ ಬಿಟ್ಟು ತಮಗೆ ಬೇಕಾದ್ದನ್ನ ಆರಿಸಿಕೊಳ್ಳೋ ಹಕ್ಕು ಅವರಿಗೆ ಇದೆ. ತುರ್ಕಿಯವರು, ಅಜರ್‌ಬೈಜಾನಿನವರು ಲ್ಯಾಟಿನ್‌ನಲ್ಲೇ ಬರೀತಾರೆ. ಅವರ ಜೊತೆ ಹತ್ತಿರ ಆಗಬಹುದು. ನಷ್ಟ ಇದೆ, ಒಪ್ಪುತ್ತೇನೆ. ಆದರೆ ಹಳೆಯದನ್ನ ಹೊಸ ಲಿಪಿಗೆ ತರುವುದು ಈಗ ಕಂಪ್ಯೂಟರಿಗೆ ದೊಡ್ಡ ಕೆಲಸ ಅಲ್ಲ.

ತುಂಗಾತೀರ

ಹಕ್ಕಿನ ಮಾತು ಪೂರ್ತಿ ಒಪ್ಪಿದೆ. ಇಲ್ಲಿಯವರಲ್ಲೂ ಹಾಗೆ ಹೇಳುವವರು ಬಹಳ ಜನ ಇದ್ದಾರೆ.

ಪದಶೋಧ

ಇಷ್ಟೆಲ್ಲ ಹೋಲಿಕೆ ಇದೆ ಅಂದ ಮೇಲೆ ಅನುಮಾನವೇ ಇಲ್ಲ. ಕನ್ನಡ, ಕಜಕ್ ಒಂದೇ ಮೂಲದ್ದು! ದ್ರಾವಿಡರು ಮಧ್ಯ ಏಷ್ಯಾದಿಂದ ಬಂದವರು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಇದನ್ನ ಎಲ್ಲರಿಗೂ ಹಂಚಿ.

ಹಳೆಮೇಷ್ಟ್ರು

ದಯವಿಟ್ಟು ಹಂಚಬೇಡಿ. ನಾನು 31 ವರ್ಷ ಕನ್ನಡ ಪಾಠ ಮಾಡಿದವನು. ನಿಮ್ಮ ಉತ್ಸಾಹ ಕಂಡು ಸಂತೋಷ ಆಗುತ್ತೆ. ಆದರೆ ತಪ್ಪು ಮಾತು ಒಮ್ಮೆ ಹರಡಿದರೆ ತಿದ್ದೋದು ಬಹಳ ಕಷ್ಟ.

ಈ ಆಲೋಚನೆ ಹೊಸದಲ್ಲ. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳನ್ನ 'ಸಿಥಿಯನ್' ಗುಂಪಿಗೆ ಸೇರಿಸಿದ್ದರು. ತುರ್ಕಿ ಭಾಷೆಗಳೂ ಆ ಗುಂಪಲ್ಲಿದ್ದವು. ಆಮೇಲಿನ ವಿದ್ವಾಂಸರು ಅದನ್ನ ಒಪ್ಪಲಿಲ್ಲ. ನೆಂಟಸ್ತಿಕೆ ಹೇಳೋಕೆ ವಾಕ್ಯದ ಕಟ್ಟು ಒಂದೇ ಸಾಲದು. ಬೇರುಪದಗಳು ಕೂಡಬೇಕು. ಒಂದೇ ಕ್ರಮದಲ್ಲಿ ಸದ್ದು ಬದಲಾಗಿರಬೇಕು. ತಮಿಳಿನ ಪಾಲ್, ಕನ್ನಡದ ಹಾಲು. ತಮಿಳಿನ ಪಲ್, ಕನ್ನಡದ ಹಲ್ಲು. ಈ ತರಹ ಸಾಲುಸಾಲಾಗಿ ಸಿಗಬೇಕು. ಕಜಕ್‌ನಲ್ಲಿ ನೀರಿಗೆ 'ಸು'. ಕಣ್ಣಿಗೆ 'ಕೊಜ಼್'. ಕೈಗೆ 'ಕೊಲ್'. ಮೂರಕ್ಕೆ 'ಉಶ್'. ಎಲ್ಲಿ ಕೂಡುತ್ತೆ ಹೇಳಿ? ಕ್ರಿಯಾಪದ ಕೊನೆಗೆ ಬರೋದು, ಪ್ರತ್ಯಯ ಹಿಂದೆ ಸೇರೋದು ಜಪಾನಿ, ಕೊರಿಯನ್ ಭಾಷೆಯಲ್ಲೂ ಇದೆ. ಒಂದೇ ನಕ್ಷೆಯಲ್ಲಿ ಕಟ್ಟಿದ ಮಾತ್ರಕ್ಕೆ ಎರಡು ಮನೆಯವರು ಅಣ್ಣತಮ್ಮ ಆಗೋದಿಲ್ಲ.

ಎರವಲು ಪದಗಳ ದಾರಿ ಬೇರೆ. ಅದು ನಿಜವಾದ ಕೊಂಡಿ. ನಮ್ಮ ಕಾಗದ, ಖಜಾನೆ, ಹಿಸಾಬು, ಅರ್ಜಿ, ಬಜಾರು ಇವೆಲ್ಲ ಪಾರ್ಸಿ, ಅರಬ್ಬಿಯಿಂದ ಬಂದವು. ಅವೇ ಪದಗಳು ಅಲ್ಲಿಗೂ ಹೋಗಿವೆ. ತುಂಗಾತೀರ ಅವರು ಪರೀಕ್ಷಿಸಿ ಹೇಳಲಿ. ಇನ್ನು 'ಬಹದ್ದೂರ್' ಅನ್ನೋದು ಹುಲ್ಲುಗಾವಲಿನ ನಾಡಿಂದಲೇ ಹೊರಟು ಪಾರ್ಸಿ ಮೂಲಕ ನಮಗೆ ಬಂದ ಪದ. 'ಉರ್ದು' ಅನ್ನೋ ಹೆಸರೂ ಹಾಗೇ. ತುರ್ಕಿಯಲ್ಲಿ ಅದು ದಂಡಿನ ಬಿಡಾರ.

ಪದಶೋಧ

ತಿದ್ದಿದ್ದಕ್ಕೆ ಧನ್ಯವಾದ ಮೇಷ್ಟ್ರೇ. ನನಗೆ ಕಾಲ್ಡ್‌ವೆಲ್ ವಿಷಯ ಗೊತ್ತಿರಲಿಲ್ಲ. ಹಾಲು, ಹಲ್ಲಿನ ಉದಾಹರಣೆ ತಲೆಗೆ ಹೋಯ್ತು.

ತುಂಗಾತೀರ

ಮೇಷ್ಟ್ರೇ, ನೀವು ಹೇಳಿದ್ದು ಎಲ್ಲ ಸರಿ. ಇಲ್ಲಿ ಕಾಗದಕ್ಕೆ 'ಕಗಜ಼್'. ಖಜಾನೆಗೆ 'ಕಜ಼ಿನ'. ಲೆಕ್ಕಕ್ಕೆ 'ಎಸೆಪ್', ಅದು ನಮ್ಮ ಹಿಸಾಬೇ. ದೂರು, ಮನವಿಗೆ 'ಅರಿಜ಼್', ನಮ್ಮ ಅರ್ಜಿ. ಬಜಾರು 'ಬಜ಼ಾರ್'. ಹವಾ 'ಔಅ'. ಅಂಗಡಿಗೆ 'ದುಕೆನ್'. ವೀರನಿಗೆ 'ಬತಿರ್', ಅದು ನಿಮ್ಮ ಬಹದ್ದೂರ್. 'ಓರ್ದ' ಅಂದ್ರೆ ಖಾನನ ಬಿಡಾರ.

ಇನ್ನೊಂದು ಹೇಳಲೇಬೇಕು. 'ಕೆಲ್ದಿ' ಅಂದ್ರೆ ಬಂದ. 'ಕೆಲಿಪ್ತಿ' ಅಂದ್ರೆ ಬಂದನಂತೆ. ನಾನು ಕಣ್ಣಾರೆ ನೋಡಿದ್ದಲ್ಲ, ಯಾರೋ ಹೇಳಿದ್ದು ಅಥವಾ ಗುರುತು ನೋಡಿ ಊಹಿಸಿದ್ದು ಅಂತ. ನಮ್ಮ 'ಅಂತೆ'ಗೆ ಹೆಚ್ಚುಕಡಿಮೆ ಅದೇ ಕೆಲಸ. ಇಂಗ್ಲಿಷಿನಲ್ಲಿ ಇದನ್ನ ಹೇಳೋಕೆ ಎಷ್ಟು ಪರದಾಡಬೇಕು! ಇಲ್ಲಿ ನಾನು ಮೊದಲ ತಿಂಗಳಲ್ಲೇ ಸಲೀಸಾಗಿ ಹಿಡಿದುಕೊಂಡೆ.

ಮತ್ತೆ ನಮ್ಮ ಙ! ವರ್ಣಮಾಲೆಯಲ್ಲಿ ಕಲಿತು ಆಮೇಲೆ ಒಂಟಿಯಾಗಿ ಎಂದೂ ಬಳಸದ ಅಕ್ಷರ. ಇಲ್ಲಿ ಅದು ದಿನದ ಮಾತಲ್ಲಿ ಇದೆ. 'ಕೆಲ್' ಅಂದ್ರೆ ಬಾ. 'ಕೆಲಿಙಿಜ಼್' ಅಂದ್ರೆ ಬನ್ನಿ. ನೀನು, ನೀವು ಭೇದವೂ ನಮ್ಮ ಹಾಗೇ, 'ಸೆನ್' ಮತ್ತು 'ಸಿಜ಼್'. ಆದರೆ ಅವನು, ಅವಳು, ಅದು ಮೂರಕ್ಕೂ ಒಂದೇ ಪದ, 'ಓಲ್'.

ಬಿಳಿಕೋಟು

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವನು. ಕಜಕಿಸ್ತಾನದಲ್ಲಿ ಮೆಡಿಕಲ್ ನಾಲ್ಕನೇ ವರ್ಷ ಓದುತ್ತಿದ್ದೇನೆ. ಇಲ್ಲಿ ನಮ್ಮ ದೇಶದ ಸಾವಿರಾರು ಹುಡುಗರಿದ್ದಾರೆ. ಪಾಠ ಇಂಗ್ಲಿಷಲ್ಲಿ ನಡೆಯುತ್ತೆ, ಹೀಗಾಗಿ ಮೊದಲ ಎರಡು ವರ್ಷ ಬೇರೆ ಭಾಷೆ ಬೇಕು ಅನ್ನಿಸಲಿಲ್ಲ. ರಷ್ಯನ್ ಅಲ್ಪಸ್ವಲ್ಪ ಕಲಿತೆ.

ಮೂರನೇ ವರ್ಷ ವಾರ್ಡಿಗೆ ಹೋದಾಗ ಗೊತ್ತಾಯ್ತು. ಹಳ್ಳಿಯಿಂದ ಬಂದ ಒಬ್ಬ ಅಜ್ಜಿ. ವಯಸ್ಸು 80ರ ಮೇಲೆ. ರಷ್ಯನ್ನಲ್ಲಿ ಕೇಳಿದರೆ ಮುಖ ತಿರುಗಿಸಿಕೊಂಡು ಮಲಗುತ್ತಿದ್ದರು. ನರ್ಸ್ ಒಬ್ಬರು ನನಗೆ ಒಂದು ಸಾಲು ಬರೆದುಕೊಟ್ಟರು: 'ಕಯ್ ಜೆರಿಙಿಜ಼್ ಔರದಿ?' ಎಲ್ಲಿ ನೋಯುತ್ತೆ ಅಂತ ಅರ್ಥ. ಆದರೆ 'ಜೆರ್' ಅಂದ್ರೆ ನೆಲ. 'ನಿಮ್ಮ ಯಾವ ನೆಲ ನೋಯುತ್ತಿದೆ' ಅಂತ ಕೇಳಿದ ಹಾಗೆ! ನಾನು ಅಷ್ಟನ್ನೇ ಬಾಯಿಪಾಠ ಮಾಡಿ ಹೋಗಿ ಕೇಳಿದೆ. ಅಜ್ಜಿ ಎದ್ದು ಕೂತರು. 'ಬಸಿಮ್ ಔರಿಪ್ ತುರ್' ಅಂದರು. ತಲೆ ನೋಯ್ತಾ ಇದೆ. 'ತುರ್' ಅಂದ್ರೆ ನಿಲ್ಲು. ನೋವು ಹೋಗದೆ ನಿಂತಿದೆ ಅನ್ನೋ ಹಾಗೆ ಕೇಳಿಸಿತು ನನಗೆ.

ಆಮೇಲೆ ನನ್ನ ಕೈ ಹಿಡಿದು 'ಐನಲಾಯಿನ್' ಅಂದರು. ಅಕ್ಕ, ಅದರ ಅರ್ಥ ನೀವೇ ಹೇಳಿ. ನನಗೆ ಗೊತ್ತು, ಆದರೆ ನೀವು ಹೇಳಿದರೆ ಚೆನ್ನ.

ತುಂಗಾತೀರ

ತಮ್ಮಾ, ನಿಮ್ಮ ಪೋಸ್ಟ್ ಓದಿ ಅಪಾಗೆ ಹೇಳಿದೆ. ಅವರು ನಿಮಗೂ ಅದನ್ನೇ ಹೇಳಿ ಕಳಿಸಿದ್ದಾರೆ. ಐನಲಾಯಿನ್!

ಇದು ಹಿರಿಯರು ಕಿರಿಯರಿಗೆ ದಿನಕ್ಕೆ ಹತ್ತು ಸಲ ಹೇಳೋ ಮಾತು. ಚಿನ್ನ, ಕಂದ ಅಂತ ನಾವು ಹೇಳೋ ಹಾಗೆ. ಪದದ ಒಳಗಿನ ಅರ್ಥ 'ನಾನು ಸುತ್ತಿ ಬರಲಿ' ಅಂತ. ಹಿಂದೆ ಮಗುವಿಗೆ ಕಾಯಿಲೆ ಬಂದರೆ ಅದರ ಸುತ್ತ ಸುತ್ತಿ, ರೋಗ ನನಗೆ ಬರಲಿ, ಮಗು ಉಳಿಯಲಿ ಅಂತ ಬೇಡಿಕೊಳ್ಳುತ್ತಿದ್ದರಂತೆ. ನಮ್ಮಲ್ಲಿ ನೀವಾಳಿಸಿ ಬಿಸಾಡ್ತೀವಲ್ಲ, ದೃಷ್ಟಿ ತೆಗೆಯೋವಾಗ. ಅಲ್ಲಿ ಸುತ್ತೋ ವಸ್ತು ಉಪ್ಪು, ಮೆಣಸಿನಕಾಯಿ ಅಲ್ಲ. ಅಮ್ಮನೇ.

ಹಲಗೆಧ್ವನಿ

ಬಾಗಲಕೋಟೆ ಕಡೆಯವನು ನಾನು. ಇವರ 'ಐತಿಸ್' ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಅದರ ವಿಡಿಯೋ ಒಂದನ್ನ ಮಾತು ಅರ್ಥವಾಗದಿದ್ದರೂ ಒಂದು ಗಂಟೆ ನೋಡಿದ್ದೇನೆ. ಇಬ್ಬರು ಹಾಡುಗಾರರು ಎದುರುಬದುರು ಕೂಡ್ತಾರೆ. ಕೈಯಲ್ಲಿ ಎರಡು ತಂತಿಯ ದೊಂಬ್ರ. ಒಬ್ಬ ಪದ ಕಟ್ಟಿ ಕೆಣಕಬೇಕು. ಇನ್ನೊಬ್ಬ ಅಲ್ಲೇ ಪದ ಕಟ್ಟಿ ಉತ್ತರ ಕೊಡಬೇಕು. ಬರೆದುಕೊಂಡು ಬರೋ ಹಾಗಿಲ್ಲ. 2015ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ.

ನಮ್ಮ ಕಡೆ ಹರದೇಶಿ ನಾಗೇಶಿ ಇದೆಯಲ್ಲ, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ರಾತ್ರಿಯಿಡೀ ಸವಾಲ್ ಜವಾಬ್ ಹಾಡ್ತಾರೆ. ಅದನ್ನ ಕೇಳಿ ಬೆಳೆದ ಕಿವಿ ನನ್ನದು. ಹಾಡಿನ ನಡುವೆ ಎದುರಾಳಿಯ ಮಾತು ನಾಟಿದಾಗ ಜನ 'ಹೋ' ಅಂತಾರೆ. ಆ ಸದ್ದು ಎರಡೂ ಕಡೆ ಒಂದೇ. ಅಲ್ಲಿ ಈಗಲೂ ಟಿವಿಯಲ್ಲಿ ನಡೀತದೆ, ದೊಡ್ಡ ಸಭಾಂಗಣ ತುಂಬ್ತದೆ. ಹುಡುಗರು, ಹುಡುಗಿಯರು ಹಾಡ್ತಾರೆ. ನಮ್ಮ ಮೇಳಗಳಿಗೆ ಅಂಥ ದಿನ ಯಾವಾಗ ಬಂದೀತು ಅಂತ ಆಸೆ ಆಗ್ತದೆ.

ತುಂಗಾತೀರ

ಸರ್, ಸರಿಯಾದ ಹೊತ್ತಿಗೆ ನೆನಪಿಸಿದಿರಿ. ಇಲ್ಲಿ ಒಂದು ಗಾದೆ ಇದೆ: 'ಓನೆರ್ ಅಲ್ದಿ ಕಿಜ಼ಿಲ್ ತಿಲ್'. ಕಲೆಗಳಲ್ಲಿ ಮೊದಲನೆಯದು ಕೆಂಪು ನಾಲಗೆ. ಅಲೆಮಾರಿಗಳಿಗೆ ಗುಡಿ ಗೋಪುರ ಕಟ್ಟೋಕೆ ಎಲ್ಲಿ ಆಗುತ್ತೆ? ಹೊತ್ತುಕೊಂಡು ಹೋಗೋಕೆ ಆಗೋದು ಮಾತು ಒಂದೇ.

ಎತ್ತಿನಗಾಡಿ

ದನಗಾಹಿಗಳ ಭಾಷೆ ಅಂದಿರಿ. ಕುದುರೆಗೆ ಅವರಲ್ಲಿ ಎಷ್ಟು ಹೆಸರಿದೆ? ನಾವು ಎತ್ತಿನ ವಯಸ್ಸನ್ನ ಹಲ್ಲಲ್ಲಿ ಹೇಳ್ತೀವಿ. ಹಾಲಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು. ಅದಕ್ಕೆ ಕೇಳಿದೆ.

ತುಂಗಾತೀರ

ಅಣ್ಣಾ, ನಿಮ್ಮ ಪ್ರಶ್ನೆ ಕೇಳಿ ಅಪಾ ಅವರ ಯಜಮಾನರೇ ಖುಷಿಯಿಂದ ಹೇಳೋಕೆ ಶುರು ಮಾಡಿದರು. ನಾನು ಬರೆದುಕೊಂಡೆ. ಆರು ತಿಂಗಳೊಳಗಿನ ಮರಿ 'ಕುಲಿನ್'. ವರ್ಷ ತುಂಬೋವರೆಗೆ 'ಜಬಗಿ'. ವರ್ಷ ದಾಟಿದ್ದು 'ತಯ್'. ಎರಡು ದಾಟಿದ ಗಂಡು 'ಕುನನ್', ಅದರ ಮೇಲಿನದು 'ದೊನೆನ್'. ಆಮೇಲೆ 'ಬೆಸ್ತಿ', ಬೆಸ್ ಅಂದ್ರೆ ಐದು. ಹೆಣ್ಣು 'ಬಿಯೆ', ಬೀಜದ ಗಂಡು 'ಐಗಿರ್'. ಒಟ್ಟಾಗಿ ಕುದುರೆಗೆ 'ಜಿಲ್ಕಿ'. ಬಣ್ಣಕ್ಕೆ ಬೇರೆ ಹೆಸರುಗಳ ಸಾಲೇ ಇದೆ, ಅದನ್ನ ಹಿಡಿಯೋಕೆ ನನ್ನಿಂದ ಆಗಲಿಲ್ಲ.

ಹಳೆಯ ಕಾಲದ ಕುಶಲ ಪ್ರಶ್ನೆ 'ಮಲ್ ಜಾನ್ ಅಮಾನ್ ಬಾ?' ಜಾನುವಾರು, ಜೀವ ಎಲ್ಲ ಕ್ಷೇಮವಾ? ಹಸಿವಿನ ವರ್ಷಗಳ ಕಥೆ ಕೇಳಿದ ಮೇಲೆ ಈ ಪ್ರಶ್ನೆಯನ್ನ ನನಗೆ ಸುಮ್ನೆ ಕೇಳಿಸಿಕೊಳ್ಳೋಕೆ ಆಗ್ತಿಲ್ಲ.

ಕಾಸರಗೋಡು ಕನ್ನಡತಿ

ನನ್ನ ಮಗಳಿಗೆ ಕನ್ನಡ ಅರ್ಥ ಆಗುತ್ತೆ, ಉತ್ತರ ಮಾತ್ರ ಇಂಗ್ಲಿಷಲ್ಲಿ. ಅಲ್ಲಿಯ ಹೊಸ ಹುಡುಗರು ಹೇಗೆ? ನಿಜವಾಗಿ ಮಾತಾಡ್ತಾರಾ, ಅಥವಾ ಲೆಕ್ಕದಲ್ಲಿ ಮಾತ್ರವಾ?

ತುಂಗಾತೀರ

ಅಪಾ ಮನೆಯಲ್ಲೇ ಮೂರು ತಲೆಮಾರು ಇದೆ, ಅದನ್ನೇ ಹೇಳ್ತೀನಿ. ಅಪಾಗೆ ಎರಡೂ ಭಾಷೆ ಬರುತ್ತೆ, ಕನಸು ಕಜಕ್‌ನಲ್ಲಿ ಅಂತಾರೆ. ಮಗ ಸೋವಿಯತ್ ಕಾಲದಲ್ಲಿ ರಷ್ಯನ್ ಶಾಲೆಗೆ ಹೋದವರು. ಕಜಕ್ ಮಾತಾಡೋಕೆ ಈಗಲೂ ಸಂಕೋಚ. ಅಂಥವರನ್ನ 'ಶಾಲಾ ಕಜಕ್' ಅಂತಾರೆ. ಅರ್ಧಂಬರ್ಧ ಕಜಕ ಅಂತ. ಎಷ್ಟು ನೋಯಿಸೋ ಮಾತು ಅದು! ಅವರ ತಪ್ಪೇನಿದೆ? ತಪ್ಪಾಗಿ ಮಾತಾಡಿದರೆ ನಗ್ತಾರೆ ಅಂತ ಹೆದರಿ ಬಾಯೇ ಬಿಡೋದಿಲ್ಲ.

ಮೊಮ್ಮಗಳು ಕಜಕ್ ಮಾಧ್ಯಮದಲ್ಲೇ ಓದುತ್ತಾಳೆ. ಹಾಡು ಕೇಳೋದು ಕಜಕ್‌ನಲ್ಲಿ. 2015ರಲ್ಲಿ 'ನೈಂಟಿ ಒನ್' ಅಂತ ಹುಡುಗರ ತಂಡ ಬಂತು. ಸ್ವಾತಂತ್ರ್ಯದ ವರ್ಷವೇ ತಂಡದ ಹೆಸರು. ಕಿವಿಯೋಲೆ, ಬಣ್ಣದ ಕೂದಲು ನೋಡಿ ಹಿರಿಯರು ಗಲಾಟೆ ಮಾಡಿದರು, ಕೆಲವು ಊರಲ್ಲಿ ಕಾರ್ಯಕ್ರಮಕ್ಕೇ ತಡೆ ಬಂತು. ಆದರೆ ಹಾಡಿದ್ದು ಕಜಕ್‌ನಲ್ಲಿ. ಅಲ್ಲಿಂದ ಹುಡುಗರಿಗೆ ಅದು ಅಜ್ಜಿಯ ಮಾತಾಗಿ ಉಳಿಯಲಿಲ್ಲ, ತಮ್ಮ ಮಾತಾಯ್ತು. 2022ರ ನಂತರ ಮಾತಾಡಿ ಕಲಿಯುವ ಕ್ಲಬ್‌ಗಳೂ ಹೆಚ್ಚಾಗಿವೆ. ನಾನು ಹೋಗುವ ಕಡೆ ರಷ್ಯನ್ ಮನೆಮಾತಿನವರು, ಕೊರಿಯನ್ ಮೂಲದವರು, ಅರ್ಧ ಕಜಕ್ ಬರುವ ಕಜಕರು ಎಲ್ಲ ಒಟ್ಟಿಗೆ ಕೂಡ್ತೀವಿ. ಅಲ್ಲಿ ಒಂದೇ ನಿಯಮ. ಯಾರ ತಪ್ಪಿಗೂ ನಗಬಾರದು. ಅಪಾ ಅವರ ಮಗನನ್ನೂ ಕರೆದುಕೊಂಡು ಹೋಗಿದ್ದೆ. ಮೊದಲ ದಿನ ಅವರು ಹೇಳಿದ್ದು ಹೆಸರು, ಊರು ಅಷ್ಟೆ. ಎರಡನೇ ವಾರ ತಾವೇ ಬಂದು ನಮ್ಮ ಬಾಗಿಲು ತಟ್ಟಿದರು.

ನಿಮ್ಮ ಮಗಳು ಕನ್ನಡದಲ್ಲಿ ಅರ್ಧ ವಾಕ್ಯ ಹೇಳಿದರೂ ತಿದ್ದೋಕೆ ಹೋಗಬೇಡಿ ಅಕ್ಕ. ಮೊದಲು ಉತ್ತರ ಕೊಡಿ.

ಅಮ್ಮನ ಕೈತುತ್ತು

ಇಡೀ ಚರ್ಚೆ ಒಂದೇ ಉಸಿರಿಗೆ ಓದಿದೆ. ಬರುವ ತಿಂಗಳು ನನ್ನ ಮಗ ಓದೋಕೆ ಅಂತ ಅಲ್ಲಿಗೆ ಹೊರಟಿದ್ದಾನೆ. ಮೈಸೂರು ಬಿಟ್ಟು ಎಲ್ಲೂ ಇದ್ದವನಲ್ಲ. ರಷ್ಯನ್ ಕಲಿಯಲಾ, ಕಜಕ್ ಕಲಿಯಲಾ ಅಂತ ಕೇಳ್ತಿದ್ದಾನೆ. ಏನು ಹೇಳಲಿ?

ತುಂಗಾತೀರ

ಅಕ್ಕಾ, ಪೇಟೆಯಲ್ಲಿ ಕೆಲಸ ನಡೆಯೋಕೆ ರಷ್ಯನ್ ಬೇಕು. ಅಕ್ಷರ ಎರಡಕ್ಕೂ ಸಿರಿಲಿಕ್ಕೇ, ಮೊದಲು ಅದನ್ನ ಕಲಿಯಲಿ, ಒಂದು ವಾರ ಸಾಕು. ಜೊತೆಗೆ ಕಜಕ್ ಶುರು ಮಾಡಲಿ. ಕನ್ನಡದಲ್ಲಿ ಯೋಚಿಸಿ ಪದ ಜೋಡಿಸಲಿ, ಇಂಗ್ಲಿಷಿನಿಂದ ಬೇಡ. ಅರ್ಧ ದಾರಿ ಅಲ್ಲೇ ಮುಗಿಯುತ್ತೆ. ದೊಡ್ಡವರಿಗೆ 'ಅಮಾನ್‌ಸಿಜ಼್ ಬಾ' ಅನ್ನಲಿ. ಧನ್ಯವಾದಕ್ಕೆ 'ರಖ್ಮೆತ್'.

ಯಾರ ಮನೆಗಾದರೂ ಹೋದಾಗ ಅವರು ಊಟ ಮಾಡುತ್ತಿದ್ದರೆ ಬೇಡ ಅನ್ನಬಾರದು. 'ಔಜ಼್ ತಿ' ಅಂತಾರೆ, ಬಾಯಿ ಮುಟ್ಟಿಸು ಅಂತ. ಒಂದು ಚೂರು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡರೆ ಸಾಕು. ಚಹಾ ಹಾಲು ಹಾಕಿದ್ದೇ ಕೊಡ್ತಾರೆ, ನಮ್ಮವರಿಗೆ ಚಿಂತೆ ಇಲ್ಲ. ಬಟ್ಟಲಿಗೆ ಸ್ವಲ್ಪವೇ ಹಾಕ್ತಾರೆ. ಕಡಿಮೆ ಹಾಕಿದರು ಅಂತ ಬೇಜಾರು ಮಾಡಿಕೊಳ್ಳೋದು ಬೇಡ. ಮತ್ತೆ ಮತ್ತೆ ಬಿಸಿಯಾಗಿ ಹಾಕೋದೇ ಮರ್ಯಾದೆ. ತುಂಬಿಸಿ ಕೊಟ್ಟರೆ ಕುಡಿದು ಹೊರಡಿ ಅಂತ ಅರ್ಥ.

ಅಮ್ಮನ ಕೈತುತ್ತು

ಮಗ ಪಕ್ಕದಲ್ಲೇ ಕೂತಿದ್ದಾನೆ. 'ಜಜ಼ಿಪ್ ಅಲ್' ಅಂದೆ. ನಕ್ಕು ಪೆನ್ನು ತಂದ.

ಬಿಳಿಕೋಟು

ಆಂಟಿ, ಯಾವ ಊರಿಗೆ ಬರ್ತಾನೆ ಹೇಳಿ. ನಮ್ಮ ಊರಾದರೆ ಏರ್‌ಪೋರ್ಟಿಗೆ ನಾನೇ ಹೋಗ್ತೀನಿ. ದಪ್ಪ ಜಾಕೆಟ್ ಅಲ್ಲಿಂದ ತರೋದು ಬೇಡ, ಇಲ್ಲಿಯ ಚಳಿಗೆ ಸಾಲಲ್ಲ. ಇಲ್ಲಿನ ಬಜಾರಲ್ಲೇ ತೆಗೆದುಕೊಳ್ಳೋಣ. ಆ ಜಾಗದಲ್ಲಿ ಚಟ್ನಿಪುಡಿ, ಹುಳಿಪುಡಿ ತುಂಬಿಸಿ ಕಳಿಸಿ.